ಬಾಯಿಬಡುಕಿಯ ತುತ್ತು

ಹಲ್ಲಿನ ಮೇಸ್ತ್ರಿಯ ಮನೆ ಎಲ್ಲಿ ಎಂದು ಕೇಳಿದರೆ ಆ ಬೀದಿಯಲ್ಲಿ ಯಾರಾದರೂ ತೋರಿಸುತ್ತಾರೆ. ಅವನು ಡಾಕ್ಟರಲ್ಲ. ಯಾರ ಬಾಯಿಗೂ ಕೈ ಹಾಕುವ ಅಧಿಕಾರ ಅವನಿಗಿಲ್ಲ. ಡಾಕ್ಟರು ಬೋಳು ದವಡೆಯ ಅಚ್ಚು ತೆಗೆದು ಕಳಿಸುತ್ತಾರೆ. ಮೇಸ್ತ್ರಿ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕುದಿಸಿ, ಉಜ್ಜಿ, ಹೊಳಪು ಕೊಟ್ಟು, ಪುಟ್ಟ ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಾನೆ. ಇಪ್ಪತ್ತೇಳು ವರ್ಷಗಳಿಂದ ಇದೇ ಕೆಲಸ. ಊರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲಿ ಅಗಿಯುತ್ತಾರೆ, ಆದರೆ ಎದುರಿಗೆ ಬಂದರೆ ಅವನಿಗೆ ಒಬ್ಬರ ಗುರುತೂ ಸಿಗುವುದಿಲ್ಲ. ಯಾರಾದರೂ ಬಾಯಿ ಬಿಟ್ಟು ನಕ್ಕರೆ, ಓ, ಇವರು ಎಡಗಡೆ ದವಡೆ ಸವೆದವರು ಎಂದು ನೆನಪಾಗುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಗಾದೆಯ ದ್ವಿತೀಯಾರ್ಧವೇ ನನ್ನ ಹೊಟ್ಟೆಪಾಡು ಎಂದು ಹೇಳಿ ತಾನೇ ನಗುತ್ತಿದ್ದ. ಅದೆಲ್ಲ ಹೆಂಡತಿ ಇದ್ದಾಗಿನ ಮಾತು.

ಆ ಮನೆಯಲ್ಲಿ ಮೂವರಿದ್ದರು. ಮೇಸ್ತ್ರಿ, ಅವನ ಹೆಂಡತಿ, ಹೆಂಡತಿಯ ತಾಯಿ. ಮೂರನೇ ಮಹಡಿ, ಎರಡು ಕೋಣೆ, ನಡುವೆ ಒಂದು ಹಾಲ್. ಈ ಮೂವರಲ್ಲಿ ಇಬ್ಬರು ಒಬ್ಬರಿಗೊಬ್ಬರು ನೇರವಾಗಿ ಮಾತಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಮದುವೆ ಮಾತುಕತೆಯ ದಿನ ಅತ್ತೆ ಒಳಗಿನಿಂದ, "ಕಟ್ಟು ಹಲ್ಲು ಮಾಡೋನಿಗೆ ಕೊಡೋದಕ್ಕಿಂತ ಮಗಳನ್ನ ಮನೇಲಿಟ್ಕೊಳ್ಳೋದೇ ವಾಸಿ" ಅಂದಿದ್ದರು. ಹೊರಗೆ ಕೂತಿದ್ದ ಹುಡುಗನಿಗೆ ಆಗ ಬಿಸಿರಕ್ತ. "ನಿಮ್ಮ ಬಾಯಿಗೂ ಒಂದಿನ ನಾನೇ ಗತಿ ಆಗ್ತೀನಿ" ಅಂದುಬಿಟ್ಟ. ಮದುವೆ ನಿಲ್ಲಲಿಲ್ಲ, ಮಾತು ನಿಂತಿತು. ಅಂದದ್ದಕ್ಕೆ ಇಬ್ಬರಿಗೂ ಒಳಗೊಳಗೇ ನಾಚಿಕೆಯಿತ್ತು. ಆದರೆ ನಾಚಿಕೆಯನ್ನು ಮೊದಲು ಹೊರಗೆ ಹಾಕುವವರು ಯಾರು? ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ದೊಡ್ಡವರು ಹೇಳಿದ್ದಾರೆ. ಈ ಇಬ್ಬರು ಜಗಳವನ್ನೂ ಆಡದೆ ಮಾತನ್ನೂ ಕಲಿಯದೆ ಮುದುಕರಾದ ಜಾತಿ.

ಗಂಡ ಹೋದ ಮೇಲೆ ಅತ್ತೆ ಮಗಳ ಮನೆಗೇ ಬಂದರು. ಬಂದ ವರ್ಷವೇ ಹಲ್ಲೂ ಹೋದವು, ಅಳಿಯನ ಮಾತೇ ನಿಜವಾಯಿತು. ಒಂದೇ ಹಾಲಿನಲ್ಲಿ ಇಬ್ಬರೂ ಕೂತು, ನಡುವೆ ಮಗಳನ್ನು ಕೂರಿಸಿಕೊಂಡು ಹಲ್ಲಿನ ಅಳತೆ ಸರಿಮಾಡಿಕೊಂಡರು.

"ಕೆಳಗಿನ ಸೆಟ್ಟು ಬಲಗಡೆ ಚುಚ್ಚುತ್ತೆ ಅಂತ ಹೇಳು."

"ಎಲ್ಲಿ ಚುಚ್ಚುತ್ತೆ ಅಂತ ಕೇಳು."

"ಒಸಡಲ್ಲಿ ಅಂತ ಹೇಳು. ಹಲ್ಲಿನ ಸೆಟ್ಟು ಇನ್ನೇನು ಮೊಣಕಾಲಲ್ಲಿ ಚುಚ್ಚುತ್ತಾ."

"ನಾನೇನು ಟೆಲಿಫೋನ್ ಕಂಬನಾ?" ಅನ್ನುತ್ತಿದ್ದಳು ಹೆಂಡತಿ. ಬೇಸರದಿಂದಲ್ಲ, ನಗುತ್ತಾ. ಅವಳು ಮೂಲೆಯ ಔಷಧಿ ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದವಳು, ಬೀದಿಯವರಿಗೆಲ್ಲ ಔಷಧಿ ಅಕ್ಕ. ಎರಡು ಕಡೆಯ ಕಹಿಯನ್ನು ಸೋಸಿ ಅಳತೆ ಮಾಡಿ ಕೊಡುವುದು ಅವಳಿಗೆ ಅಭ್ಯಾಸವಾಗಿತ್ತು. ಅಮ್ಮ ಅಂದದ್ದರಲ್ಲಿ ಅರ್ಧ ಮಾತ್ರ ಗಂಡನಿಗೆ ತಲುಪುತ್ತಿತ್ತು, ಗಂಡ ಅಂದದ್ದಕ್ಕೆ ಚೂರು ಸಕ್ಕರೆ ಬೆರೆತು ಅಮ್ಮನಿಗೆ. ಮಕ್ಕಳಿಲ್ಲದ ಆ ಮನೆ ಹೇಗೋ ನಡೆಯುತ್ತಿತ್ತು.

ಹಾಲಿನಲ್ಲಿ ಕಿಟಕಿಯ ಪಕ್ಕ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಹಲ್ಲಿನ ಡಾಕ್ಟರು ಕ್ಲಿನಿಕ್ಕನ್ನು ಹೊಸದು ಮಾಡಿಸುವಾಗ ಎಸೆಯಲು ಇಟ್ಟಿದ್ದನ್ನು ಮೇಸ್ತ್ರಿಯೇ ಹೊತ್ತು ತಂದಿದ್ದ. ಹೆಂಡತಿ ಅದರಲ್ಲಿ ಕಡಲು ಮಾಡಿದಳು. ಔಷಧಿ ತೂಗಿದ ಕೈಯಲ್ಲವೇ, ಉಪ್ಪು ಗ್ರಾಮಿನ ಲೆಕ್ಕದಲ್ಲಿ ಬೀಳುತ್ತಿತ್ತು. ಮರಳು ಬಂತು, ಕಲ್ಲು ಬಂತು, ಕೆಂಪು ಪಟ್ಟೆಯ ಒಂದು ಮೀನು ಬಂತು. ಇಡೀ ದಿನ ಒಂದೇ ಮೂಲೆಯಲ್ಲಿ, ಆಫೀಸಿನ ಬಾಗಿಲಲ್ಲಿ ನಿಂತ ಹಾಗೆ ನಿಂತಿರುತ್ತಿದ್ದ ಆ ಮೀನಿಗೆ ಜವಾನ ಎಂದು ಹೆಸರಾಯಿತು. ಆಮೇಲೆ ಹವಳಗಳು. ಹವಳವೆಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ಮೇಸ್ತ್ರಿಗೆ, ಅದು ಉಸಿರಾಡುವ, ಉಣ್ಣುವ ಜೀವ ಎಂದು ಗೊತ್ತಾದದ್ದು ಐವತ್ತರ ಹತ್ತಿರದಲ್ಲಿ.

ಮೀನಿನ ಅಂಗಡಿಯವನು ಒಂದು ದಿನ ಸಾಯಲು ಬಿದ್ದಿದ್ದ ಹವಳದ ಗಡ್ಡೆಯೊಂದನ್ನು ಪುಕ್ಕಟೆ ಕೊಟ್ಟ. ಮುಷ್ಟಿಯಷ್ಟು ದೊಡ್ಡದು, ಕಿತ್ತಳೆ ಬಣ್ಣ. "ಬೇರೆ ಹವಳ ಎಲ್ಲ ಬೆಳಕು ತಿಂದ್ಕೊಂಡು ಬದುಕ್ತಾವೆ ಅಕ್ಕ. ಇದು ಆ ಜಾತಿ ಅಲ್ಲ. ಇದಕ್ಕೆ ಬಾಯಿ ಬಾಯಿಗೂ ತುತ್ತಿಡಬೇಕು. ಯಾರ ಕೈಲಾಗುತ್ತೆ?" ಎಂದ. ಗಡ್ಡೆಯ ಮೇಲೆ ಆಗ ಬದುಕಿದ್ದದ್ದು ಹನ್ನೊಂದು ಬಾಯಿ. ಅವಳು ಅದನ್ನು ಮನೆಗೆ ತಂದು ತಿನ್ನಿಸಿದಳು.

ತಿನ್ನಿಸುವುದೂ ಒಂದು ವಿದ್ಯೆ. ಮೊದಲು ನೀರು ಓಡಿಸುವ ಪಂಪು ನಿಲ್ಲಿಸಬೇಕು. ಸಿಗಡಿಯ ಚೂರು ನೆನೆಸಿದ ನೀರನ್ನು ನಾಲ್ಕು ಹನಿ ಗಡ್ಡೆಯ ಮೇಲೆ ಬಿಡಬೇಕು. ಕಾಲು ಗಂಟೆ ಕಾದರೆ ಗಂಟು ಗಂಟಾಗಿದ್ದದ್ದು ಒಂದೊಂದಾಗಿ ಅರಳುತ್ತದೆ, ಸೇವಂತಿಗೆಯ ಹಾಗೆ. ಆಗ ಪ್ಲಾಸ್ಟಿಕ್ ಬಾಟಲಿಯ ಮೇಲರ್ಧವನ್ನು ಕತ್ತರಿಸಿ ಅದರ ಮೇಲೆ ಕವುಚಬೇಕು, ಇಲ್ಲದಿದ್ದರೆ ಜವಾನ ಲಂಚಕ್ಕೆ ಬಾಯಿ ಹಾಕುತ್ತಾನೆ. ಬಾಟಲಿಯ ಕತ್ತಿನಿಂದ ಸಿರಿಂಜು ಇಳಿಸಿ ಪ್ರತಿ ಬಾಯಿಗೂ ಒಂದು ಚೂರು. ಒಂದು ದಿನ ಬಿಟ್ಟು ಒಂದು ದಿನ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾಲ್ಕು ವರ್ಷಕ್ಕೆ ಹನ್ನೊಂದು ಬಾಯಿ ಅರವತ್ತಮೂರಾದವು. ಅವಳು ಅದನ್ನು ಬಾಯಿಬಡುಕಿ ಎಂದು ಕರೆದಳು. "ಈ ಮನೇಲಿ ಮಾತಾಡದವರು ಇಬ್ಬರಿದ್ದಾರಲ್ಲ, ಅವರ ಪಾಲಿನ ಬಾಯೆಲ್ಲ ಇದಕ್ಕೇ ಬಂದಿದೆ" ಅನ್ನುತ್ತಿದ್ದಳು.

ಕಾಯಿಲೆ ನಾಲ್ಕು ತಿಂಗಳಲ್ಲಿ ಅವಳನ್ನು ಮುಗಿಸಿತು. ಆಸ್ಪತ್ರೆಯಲ್ಲಿ, ಇನ್ನೂ ಮಾತು ಇದ್ದಾಗ, ಒಂದು ಸಂಜೆ ಗಂಡನ ಕೈ ಹಿಡಿದು ಹತ್ತಿರ ಕರೆದಳು.

"ಬಾಯಿಬಡುಕಿಗೆ ನೀವೇ ತಿನ್ನಿಸಿ. ಅಮ್ಮನ ಕೈ ನಡುಗುತ್ತೆ. ಅವಳಿಗೆ ಹೇಳೋಕೆ ಹೋಗಬೇಡಿ, ನೊಂದ್ಕೋತಾಳೆ."

"ಆಯ್ತು."

"ಅದನ್ನ ಸಾಯೋಕೆ ಬಿಡಬೇಡಿ, ಅಷ್ಟೇ."

ಕೊನೆಯ ವಾರ ಮಾತು ನಿಂತಿತು. ಹೆಚ್ಚು ನುಂಗಲು ಆಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಡ್ರಾಪರಿನಲ್ಲಿ ನಾಲ್ಕು ಹನಿ ನೀರು ಬಾಯಿಗೆ ಬಿಡಿ ಎಂದು ನರ್ಸ್ ಇಬ್ಬರಿಗೂ ಹೇಳಿದ್ದಳು. ಬೆಳಿಗ್ಗೆ ಅತ್ತೆಯ ಪಾಳಿ, ಮಧ್ಯಾಹ್ನದಿಂದ ಅವನ ಪಾಳಿ. ಕೊನೆಯ ದಿನ ಅವನು ಒಳಗೆ ಬಂದಾಗ ಅತ್ತೆ ಡ್ರಾಪರನ್ನು ಲೋಟದಲ್ಲಿ ಇಡುತ್ತಿದ್ದರು. ಅವನನ್ನು ಕಂಡದ್ದೇ ಎದ್ದು ಹೊರಗಿನ ಬೆಂಚಿಗೆ ಹೋದರು. ಮಾತು ದಾಟಿಸುವವಳೇ ಮಾತಿಲ್ಲದೆ ಮಲಗಿರುವಾಗ ಆ ಕೋಣೆಯಲ್ಲಿ ಇಬ್ಬರೂ ಕೂರುವುದು ಯಾರಿಗೂ ಆಗುತ್ತಿರಲಿಲ್ಲ. ಆ ಮಧ್ಯಾಹ್ನವೆಲ್ಲ ಅವಳು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಏನೋ ಹೇಳಬೇಕೆಂದಿದ್ದಾಳೆ ಎಂದು ಮೇಸ್ತ್ರಿ ಬಾಗಿ ಬಾಗಿ ಅವಳ ತುಟಿಗೆ ಕಿವಿ ಹಚ್ಚಿದ. "ಹೇಳು, ನಿಧಾನಕ್ಕೆ ಹೇಳು" ಎಂದ. ನಾಲ್ಕು ಗಂಟೆಯ ಹೊತ್ತಿಗೆ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಏನು ಹೇಳಬೇಕೆಂದಿದ್ದಳು? ಆಮೇಲಿನ ದಿನಗಳಲ್ಲಿ ಮೇಸ್ತ್ರಿಯನ್ನು ತಿಂದದ್ದು ಈ ಒಂದೇ ಪ್ರಶ್ನೆ. ಲ್ಯಾಬಿನಲ್ಲಿ ಪ್ಲಾಸ್ಟರ್ ದವಡೆಗಳ ಸಾಲಿನ ಮುಂದೆ ಕೂತಾಗ, ಎಲ್ಲ ಬಾಯಿಗಳೂ ಅರ್ಧ ತೆರೆದು ಏನೋ ಹೇಳಲು ಹೊರಟ ಹಾಗೆ ಕಾಣುತ್ತಿದ್ದವು.

ಮನೆಯಲ್ಲಿ ಈಗ ಟೆಲಿಫೋನ್ ಕಂಬವಿಲ್ಲ. ಮೊದಲ ವಾರ ಇಬ್ಬರೂ ಮೂಕರಾಗಿಯೇ ಇದ್ದರು. ಒಂದು ದಿನ ಊಟ ಆರುತ್ತಿದ್ದರೂ ಮೇಸ್ತ್ರಿ ಕುರ್ಚಿಯಿಂದ ಏಳದಿದ್ದಾಗ ಅತ್ತೆ ತೊಟ್ಟಿಯ ಮುಂದೆ ನಿಂತು, "ಏ ಜವಾನ, ಊಟ ತಣ್ಣಗಾಗ್ತಿದೆ ಅಂತ ಹೇಳು" ಅಂದರು. ಮೇಸ್ತ್ರಿ ಗಾಜಿನ ಕಡೆ ನೋಡುತ್ತಾ, "ಹಸಿವಿಲ್ಲ ಅಂತ ಹೇಳಪ್ಪ" ಎಂದ. ಹಾಗೆ ಮೀನಿಗೆ ಹೊಸ ನೌಕರಿ ಸಿಕ್ಕಿತು. ಸೋಪು ಮುಗಿದಿದೆ ಎಂದು ಹೇಳು, ನಾಳೆ ಬರುವುದು ತಡ ಎಂದು ಹೇಳು. ಜವಾನ ಎಲ್ಲ ಕೇಳಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ.

ಮೇಸ್ತ್ರಿ ಬೆಳಿಗ್ಗೆ ಆರಕ್ಕೆ, ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಒಂದು ದಿನ ಬಿಟ್ಟು ಒಂದು ದಿನ ಬಾಯಿಬಡುಕಿಗೆ ತಿನ್ನಿಸತೊಡಗಿದ. ಅವನ ಹತ್ತಿರ ಲ್ಯಾಬಿನ ಸಿರಿಂಜು ಇತ್ತು, ಮೇಣ ಕೆತ್ತಿ ಕೆತ್ತಿ ಪಳಗಿದ ಕೈಯಿತ್ತು. ಒಂದು ಚೂರೂ ಗುರಿ ತಪ್ಪುತ್ತಿರಲಿಲ್ಲ. ಅರವತ್ತಮೂರು ಬಾಯಿಗೂ ಇಟ್ಟು ಪಂಪು ಮತ್ತೆ ಹಾಕಿ, ಬಚ್ಚಲ ಬಾಗಿಲು ತೆರೆಯುವ ಮೊದಲೇ ಸಿರಿಂಜು ತೊಳೆದು ಅಡಗಿಸಿಡುತ್ತಿದ್ದ. ಆ ಅರ್ಧ ಗಂಟೆ ಮಾತ್ರ ಅವನಿಗೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ನನ್ನನ್ನು ನಂಬಿ ಕೊಟ್ಟಿದ್ದಾಳೆ, ನನ್ನೊಬ್ಬನನ್ನೇ ನಂಬಿ ಎಂದುಕೊಳ್ಳುತ್ತಿದ್ದ.

ಮೂರನೇ ವಾರಕ್ಕೆ ಬಾಯಿಬಡುಕಿ ಬಾಯಿ ಬಿಗಿಯಿತು. ನಾಲ್ಕು ಹನಿಗೆ ಅರಳುತ್ತಿದ್ದದ್ದು ಹತ್ತು ಹನಿಗೂ ಅರಳಲಿಲ್ಲ. ಮರಳಿನ ಮೇಲೆ ತಿನ್ನದ ಚೂರುಗಳು ಬಿದ್ದಿದ್ದವು, ಅವುಗಳ ಮೇಲೆ ಕಂದು ಲೋಳೆ. ಹಸಿದು ಬಾಡುತ್ತಿದೆ ಎಂದುಕೊಂಡು ಮೇಸ್ತ್ರಿ ದಿನವೂ ತಿನ್ನಿಸತೊಡಗಿದ. ಮರಳಿನ ಮೇಲೆ ಚೂರುಗಳು ಹೆಚ್ಚಾದವು. ನನ್ನ ಗುರಿಯೇ ತಪ್ಪುತ್ತಿದೆ, ಕೈ ಹೋಯಿತು ಎಂದು ಅವನಿಗೆ ದಿಗಿಲಾಯಿತು. ಅದೇ ವಾರ ಡಾಕ್ಟರ ಕಡೆಯಿಂದ ಒಂದು ಸೆಟ್ಟು ವಾಪಸು ಬಂತು, ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುತ್ತಿಲ್ಲ ಎಂದು. ಇಪ್ಪತ್ತೇಳು ವರ್ಷದಲ್ಲಿ ಹಾಗಾದದ್ದಿಲ್ಲ.

ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಮೀನಿನ ಅಂಗಡಿಗೆ ಹೋದ. ಅಂಗಡಿಯವನು ನೀರಿಗೆ ಎರಡು ಬಗೆಯ ಹನಿ ಬಿಟ್ಟು ಬಣ್ಣ ನೋಡಿ ತಲೆ ಅಲ್ಲಾಡಿಸಿದ.

"ಕೊಳೆತು ಹೋಗಿದೆಯಲ್ಲ ಮೇಸ್ತ್ರಿ. ಎಷ್ಟು ತಿನ್ನಿಸ್ತಿದ್ದೀರಿ?"

"ಮೊದಲು ಒಂದಿನ ಬಿಟ್ಟು ಒಂದಿನ. ಈಗ ದಿನಾ."

"ಅಷ್ಟಕ್ಕೇ ಇಷ್ಟು ಕೆಡಲ್ಲ. ಅತಿಯಾದರೆ ಅಮೃತಾನೂ ವಿಷ ಅಂತಾರೆ, ಸುಳ್ಳು ಹೇಳಬೇಡಿ."

"ಸುಳ್ಳು ಹೇಳಿ ನನಗೇನಾಗಬೇಕು?"

ಕೊಟ್ಟದ್ದನ್ನು ಮರೆತು ಮತ್ತೆ ಕೊಡುತ್ತಿದ್ದೇನೇನೋ, ತಲೆಯೂ ಕೆಡುತ್ತಿದೆಯೇನೋ ಎಂಬ ಹೊಸ ಭಯ ಹಿಡಿಯಿತು. ಮಾರನೆಯ ದಿನದಿಂದ ತಿನ್ನಿಸಿದ ಮೇಲೆ ಕ್ಯಾಲೆಂಡರಿನ ಹಿಂಬದಿಗೆ ಗೀಟು ಹಾಕತೊಡಗಿದ. ಗೀಟು ಸರಿಯಾಗಿಯೇ ಇತ್ತು. ಹವಳ ಮಾತ್ರ ಸಾಯುತ್ತಿತ್ತು. ಬೆಳಕು ತಿನ್ನುವ ಹವಳಗಳು ಮೊದಲು ಬಿಳಿಚಿಕೊಂಡವು. ಬಾಯಿಬಡುಕಿಯ ಅಂಚಿನ ಬಾಯಿಗಳು ಕರಗಿ ಒಳಗಿನ ಬಿಳಿ ಸುಣ್ಣ ಕಾಣಿಸಿತು. ಒಂದು ಬೆಳಿಗ್ಗೆ ಜವಾನ ತನ್ನ ಮೂಲೆಯಲ್ಲಿ ನಿಂತಿರಲಿಲ್ಲ, ಮೇಲೆ ತೇಲುತ್ತಿದ್ದ. ಅಂದಿನಿಂದ ಮನೆಯಲ್ಲಿ ಸೋಪು ಮುಗಿದರೂ ಹೇಳುವವರಿಲ್ಲದಂತಾಯಿತು.

ಜವಾನ ಹೋದ ನಾಲ್ಕನೇ ದಿನ ಲ್ಯಾಬಿನಲ್ಲಿ ಕರೆಂಟು ಹೋಗಿ ಮೇಸ್ತ್ರಿ ಮೂರು ಗಂಟೆಗೇ ಮನೆಗೆ ಬಂದ. ಬಾಗಿಲು ತೆರೆದಾಗ ಪಂಪಿನ ಗುಂಯ್‌ ಸದ್ದಿಲ್ಲ. ಹಾಲಿನಲ್ಲಿ ಅತ್ತೆ ಮಣೆಯ ಮೇಲೆ ಹತ್ತಿ ನಿಂತು, ಒಂದು ಕೈಯಲ್ಲಿ ತೊಟ್ಟಿಯ ಅಂಚು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಬಿಟ್ಟಿದ್ದರು. ಆ ಕೈಯಲ್ಲಿ ಆಸ್ಪತ್ರೆಯ ಡ್ರಾಪರು. ಪಕ್ಕದಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಅವರೇ ಚಾಕುವಿನಿಂದ ಸಣ್ಣಗೆ ಕೊಚ್ಚಿದ ಸಿಗಡಿ. "ತಿನ್ನು ಮಗಳೇ, ಒಂದೇ ಒಂದು ತುತ್ತು, ಬಾಯಿ ತೆಗಿ" ಅನ್ನುತ್ತಿದ್ದರು. ಕೈ ನಡುಗಿ ತುತ್ತೆಲ್ಲ ಮರಳಿಗೆ ಬೀಳುತ್ತಿತ್ತು.

ಮೇಸ್ತ್ರಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಅತ್ತೆ ತಿರುಗಿ ನೋಡಿದರು. ಇಬ್ಬರ ನಡುವೆ ಮಾತು ದಾಟಿಸಲು ಮಗಳೂ ಇರಲಿಲ್ಲ, ಮೀನೂ ಇರಲಿಲ್ಲ.

"ಎಷ್ಟು ದಿನದಿಂದ?" ಎಂದು ಮೇಸ್ತ್ರಿಯೇ ಕೇಳಿದ. ಇಪ್ಪತ್ತೆರಡು ವರ್ಷದ ಮೇಲೆ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಅವಳು ಹೋದ ಮಾರನೇ ದಿನದಿಂದ." ಅತ್ತೆಯ ಧ್ವನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅವಳೇ ಹೇಳಿದ್ಲು. ಅವರಿಗೆ ನೆನಪಿರಲ್ಲ ಅಮ್ಮ, ನೀನೇ ತಿನ್ನಿಸು, ಅವರಿಗೆ ಹೇಳಬೇಡ, ಬೇಜಾರು ಮಾಡ್ಕೋತಾರೆ ಅಂತ." ಅವನ ಮುಖ ನೋಡುತ್ತಾ ನೋಡುತ್ತಾ ಅವರು ಡ್ರಾಪರನ್ನು ನೀರಿನಿಂದ ಎತ್ತಿದರು. "ನಿಮಗೂ ಹೇಳಿದ್ಲಾ?"

"ಹೌದು."

ಎರಡು ಕಡೆಗೂ ಸಿಹಿ ಬೆರೆಸಿ ಕೊಟ್ಟೇ ಅಭ್ಯಾಸವಾಗಿದ್ದವಳು ಕೊನೆಯದನ್ನೂ ಹಾಗೇ ಕೊಟ್ಟುಹೋಗಿದ್ದಳು. ಯಾರೊಬ್ಬರ ಕೈಯನ್ನೂ ಅವಳು ಪೂರ್ತಿ ನಂಬಲಿಲ್ಲವೋ, ಇಬ್ಬರ ಕೈಯೂ ಖಾಲಿಯಾಗದಿರಲಿ ಎಂದುಕೊಂಡಳೋ, ಇನ್ನು ಕೇಳುವುದು ಯಾರನ್ನು? ಮೇಸ್ತ್ರಿಗೆ ಸಿಟ್ಟು ಬಂತು, ಸತ್ತವಳ ಮೇಲೆ. ಆ ಸಿಟ್ಟಿಗೆ ನಾಚಿ ಗೋಡೆಯ ಕಡೆ ತಿರುಗಿದ.

"ನಾವೇ ಕೊಂದ್ವಿ ಹಾಗಾದ್ರೆ" ಅಂದರು ಅತ್ತೆ.

"ಇನ್ನೂ ಒಂಬತ್ತು ಬಾಯಿ ಇವೆ. ನಾನು ನೀರು ಬದಲಾಯಿಸ್ತೀನಿ. ತಿನ್ನಿಸೋದು ಒಬ್ಬರೇ ಮಾಡೋಣ. ನೀವೇ ತಿನ್ನಿಸಿ ಅತ್ತೆ. ತಾಯಿ ನೀವು."

"ನನ್ನ ಕೈ ನೋಡಿದ್ರಲ್ಲ. ನೀವೇ ತಿನ್ನಿಸಿ."

"ಇಲ್ಲ, ಇಲ್ಲ, ನೀವೇ..."

ಅತ್ತೆಗೆ ಅಳು ಒತ್ತರಿಸಿ ಬಂತು. ಮಣೆಯಿಂದಿಳಿದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತು ಶುರುಮಾಡುವುದನ್ನೇನೋ ಆ ದಿನ ಹೇಗೋ ಮಾಡಿದರು, ಮುಗಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಪ್ಪಿಕೊಂಡರು ಎಂದು ಇವನು ತಿಳಿದ. ಒಪ್ಪಿಕೊಂಡರು ಎಂದು ಅವರೂ ತಿಳಿದರು.

ಆ ವಾರದ ರಜೆಯ ದಿನ ಮೇಸ್ತ್ರಿ ಅರ್ಧ ತೊಟ್ಟಿ ನೀರು ತೆಗೆದು ಹೊಸ ಉಪ್ಪುನೀರು ತುಂಬಿದ. ಮರಳಿನ ಲೋಳೆ ಹೀರಿ ತೆಗೆದ. ಮುಂದಿನ ವಾರ ಮತ್ತೆ ಮಾಡಿದ. ನೀರು ತಿಳಿಯಾಯಿತು. ಸತ್ತ ಸುಣ್ಣದ ನಡುವೆ ಉಳಿದಿದ್ದ ಒಂಬತ್ತು ಬಾಯಿಗಳು, ಹದಿನೈದು ದಿನದ ಮೇಲೆ, ಒಂದು ಬೆಳಿಗ್ಗೆ ತಾವಾಗಿಯೇ ಅರಳಿದವು. ಯಾರೂ ಹನಿ ಬಿಡದೆ, ಪಂಪು ನಿಲ್ಲಿಸದೆ, ಹಾಡಹಗಲಲ್ಲಿ ಅರಳಿ ನಿಂತವು. ಕಿತ್ತಳೆ ಬಣ್ಣ ಅಷ್ಟು ಹೊಳೆದದ್ದು ಅವಳ ಕಾಲದಲ್ಲೂ ಇರಲಿಲ್ಲ ಅನ್ನಿಸಿತು ಮೇಸ್ತ್ರಿಗೆ.

ನಡುಗುವ ಕೈಯಲ್ಲೂ ಅತ್ತೆ ಎಷ್ಟು ಚೆನ್ನಾಗಿ ತಿನ್ನಿಸುತ್ತಿದ್ದಾರೆ ಎಂದುಕೊಂಡ. ಅವರು ತಿನ್ನಿಸುವ ಹೊತ್ತಿನಲ್ಲಿ ತಾನು ಎದುರು ನಿಂತರೆ ಕೈ ಇನ್ನಷ್ಟು ನಡುಗೀತೆಂದು ಸಂಜೆ ಬೇಕೆಂದೇ ತಡವಾಗಿ ಬರತೊಡಗಿದ. ಅತ್ತೆ ಕೂಡ ಬೆಳಗಿನ ಹೊತ್ತು ಸ್ನಾನ ಮುಗಿದರೂ ಬಚ್ಚಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಅಳಿಯ ತಿನ್ನಿಸಿ ಮುಗಿಸಲಿ ಎಂದು. ಆ ಎರಡು ವಾರ ಮನೆಯ ಗಾಳಿಯೇ ಬೇರೆಯಾಗಿತ್ತು. ಅತ್ತೆ ಕಿಟಕಿಯ ಪರದೆ ಒಗೆದರು. ಮೇಸ್ತ್ರಿ ವಾಪಸು ಬಂದಿದ್ದ ಸೆಟ್ಟನ್ನು ಮತ್ತೆ ಮಾಡಿ ಕಳಿಸಿದ, ಅದು ಸರಿಯಾಗಿ ಕೂತಿತು. ಒಂದು ದಿನ ಊಟ ಮಾಡುತ್ತಾ ಅತ್ತೆ ಗೋಡೆಗೆ ಹೇಳುವಂತೆ, "ಚೆನ್ನಾಗಿ ಅರಳಿದೆ" ಅಂದರು. "ಹೌದು, ಚೆನ್ನಾಗಿದೆ" ಎಂದ ಇವನು. ಒಬ್ಬರನ್ನೊಬ್ಬರು ಹೊಗಳಿದೆವು ಎಂದುಕೊಂಡು ಇಬ್ಬರೂ ಸುಮ್ಮನಾದರು. ಇನ್ನೊಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದವನನ್ನು ಹಿಡಿದು ತಂದು ಆ ಹಾಲಿನಲ್ಲಿ ಕೂರಿಸಬೇಕು ಅನ್ನಿಸುತ್ತದೆ.

ಆಮೇಲೆ ಅರಳಿದ ಬಾಯಿಗಳು ತೆಳುವಾದವು. ಒಂಬತ್ತು ಆರಾಯಿತು, ಆರು ಎರಡಾಯಿತು. ಕೊನೆಯದು ಎರಡು ದಿನ ಅಗಲವಾಗಿ ತೆರೆದುಕೊಂಡೇ ಇತ್ತು. ಮೂರನೇ ದಿನ ಅಲ್ಲಿ ಬಿಳಿ ಗುಳಿ ಮಾತ್ರ ಉಳಿಯಿತು.

ಮೇಸ್ತ್ರಿ ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೀನಿನ ಅಂಗಡಿಗೆ ಒಯ್ದ. ಅಂಗಡಿಯವನು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ.

"ಈ ಸಲ ನೀರು ಚೆನ್ನಾಗಿತ್ತು ಅಂತೀರಿ. ಎಷ್ಟು ದಿನದಿಂದ ತಿನ್ನಿಸಿಲ್ಲ?"

"ತಿನ್ನಿಸ್ತಿದ್ದಾರೆ, ನಮ್ಮ ಅತ್ತೆ. ಹಗಲೆಲ್ಲ ಅರಳ್ಕೊಂಡು ಎಷ್ಟು ಚೆನ್ನಾಗಿತ್ತು."

"ಹೊಟ್ಟೆ ತುಂಬಿದ್ದು ಹಗಲೆಲ್ಲ ಯಾಕೆ ಬಾಯಿ ತೆಗೆದಿರುತ್ತೆ ಮೇಸ್ತ್ರಿ? ಹಸಿವಿಗೆ ತೆಗೆದಿರೋದು ಅದು. ಒಂದು ತಿಂಗಳಿಂದ ಒಂದು ತುತ್ತೂ ಬಿದ್ದಿಲ್ಲ ಇದಕ್ಕೆ." ಗಡ್ಡೆಯನ್ನು ಬಟ್ಟೆಯ ಮೇಲಿಟ್ಟು, "ಔಷಧಿ ಅಕ್ಕಂಗೆ ಗೊತ್ತಿತ್ತು ಇದೆಲ್ಲ" ಎಂದ.

ಮನೆಗೆ ಬರುವ ದಾರಿಯಲ್ಲಿ ಮೇಸ್ತ್ರಿ ಏನನ್ನೂ ನೋಡಲಿಲ್ಲ. ಮೂರು ಮಹಡಿ ಹತ್ತಿದ್ದು ಹೇಗೆಂದೂ ಗೊತ್ತಾಗಲಿಲ್ಲ. ಅತ್ತೆ ಹಾಲಿನಲ್ಲಿ, ಖಾಲಿ ನೀರಿನ ಎದುರು ಕೂತಿದ್ದರು. ಅವನು ಗಡ್ಡೆಯನ್ನು ಮೇಜಿನ ಮೇಲಿಟ್ಟ.

"ಅತ್ತೆ, ನೀವು ತಿನ್ನಿಸ್ತಿರಲಿಲ್ವಾ?"

"ನೀವು ತಿನ್ನಿಸ್ತಿದ್ರಲ್ಲ" ಅಂದರು ಅತ್ತೆ. ಅಂದು ಮುಗಿಸುವಷ್ಟರಲ್ಲಿ ಅವರಿಗೆ ತಿಳಿದುಹೋಯಿತು. "ಬಾಯಿ ತೆಗೆದಿತ್ತಲ್ಲಪ್ಪಾ ಅದು. ಸುಖವಾಗಿದೆ ಅಂದ್ಕೊಂಡೆ" ಅಂದರು.

"ಹಸಿವಿಗೆ ತೆಗೆದಿದ್ದಂತೆ."

ಅವರು ಗಡ್ಡೆಯನ್ನು ಹತ್ತಿರ ಎಳೆದುಕೊಂಡು ಗುಳಿಗಳ ಮೇಲೆ ಬೆರಳಾಡಿಸಿದರು, ಒಂದಾದ ಮೇಲೊಂದು. ಬೆರಳು ಒಂದು ಕಡೆ ನಿಂತಿತು. ಅವರು ತಲೆಯೆತ್ತಿ ಅವನನ್ನು ನೋಡಿದರು. ಏನು ಕೇಳುತ್ತಾರೆಂದು ಮೇಸ್ತ್ರಿಗೆ ಅವರು ಕೇಳುವ ಮೊದಲೇ ಗೊತ್ತಾಯಿತು. ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅವತ್ತು ಮಧ್ಯಾಹ್ನ," ಅಂದರು ಅತ್ತೆ, "ಬಾಗಿಲಿನ ಗಾಜಲ್ಲಿ ನೋಡ್ತಿದ್ದೆ. ಅವಳು ಬಾಯಿ ತೆಗೀತಿದ್ಲು. ನಿಮ್ಮ ಹತ್ರ ಏನೋ ಹೇಳ್ಕೋತಿದ್ದಾಳೆ, ನಡುವೆ ಹೋಗಬಾರದು ಅಂತ ಆಚೆನೇ ಕೂತೆ." ಬೆರಳನ್ನು ಗಡ್ಡೆಯಿಂದ ತೆಗೆದರು. "ನೀರು ನೀವು ಬಿಡ್ತಿದ್ರಿ ಅಲ್ವಾ?"

ಲೋಟ ಕಣ್ಣ ಮುಂದೆ ಬಂತು. ಲೋಟದಲ್ಲಿ ವಾಲಿಕೊಂಡಿದ್ದ ಡ್ರಾಪರು. ಅತ್ತೆ ಈಗಷ್ಟೇ ಬಿಟ್ಟು ಹೋಗಿದ್ದಾರೆ, ಮತ್ತೆ ಹೊತ್ತಾದಾಗ ಬಿಟ್ಟರಾಯಿತು ಎಂದುಕೊಂಡಿದ್ದ. ಹನ್ನೆರಡು ಗಂಟೆಯಿಂದ ನಾಲ್ಕರವರೆಗೆ ಅವನು ಆ ಡ್ರಾಪರನ್ನು ಮುಟ್ಟಿರಲಿಲ್ಲ. ಕಿವಿ ಕೊಟ್ಟಿದ್ದ. ಏನು ಹೇಳಬೇಕೆಂದಿದ್ದಳು, ಏನು ಹೇಳಬೇಕೆಂದಿದ್ದಳು ಎಂದು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡಿದ್ದ.

"ಬಿಟ್ಟೆ ಅತ್ತೆ" ಎಂದ.

"ನರ್ಸ್ ಹೇಳಿದ ಹಾಗೆ?"

"ಅರ್ಧ ಗಂಟೆಗೊಂದು ಸಲ. ನಾಲ್ಕು ಹನಿ."

"ನುಂಗಿದ್ಲಾ?"

"ನುಂಗಿದಳು."

ಅತ್ತೆಯ ಮೈ ಸಡಿಲಾಯಿತು. ಅವರು ತಲೆಯಾಡಿಸಿದರು, ಕಣ್ಣೊರೆಸಿಕೊಂಡರು, ಗಡ್ಡೆಯನ್ನು ಮೇಜಿನ ಮೂಲೆಗೆ ಸರಿಸಿ ಎದ್ದು ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಲೋಟ ನೀರಿತ್ತು. ನಡುಗುವ ಕೈಯಿಂದ ಅರ್ಧ ಚೆಲ್ಲಿ ಅರ್ಧ ಉಳಿದಿತ್ತು. ಅದನ್ನು ಅವನ ಮುಂದೆ ಇಟ್ಟರು.

"ಬಿಸಿಲಲ್ಲಿ ಬಂದಿದ್ದೀರಿ. ಕುಡೀರಿ" ಅಂದರು, ನೇರವಾಗಿ ಅವನಿಗೇ.

ಮೇಸ್ತ್ರಿ ಲೋಟ ಎತ್ತಿಕೊಂಡ. ಅವರು ಎದುರಿಗೆ ನಿಂತು ನೋಡುತ್ತಿದ್ದುದರಿಂದ ಪೂರ್ತಿ ಕುಡಿದ.